ಸಿಡ್ನಿಯ ಹಳೇ ಸಾಲುಮನೆ: ಹಿಂದಕ್ಕೆ ಬೆಳೆಸಬೇಕೋ, ಮೇಲಕ್ಕೋ, ಇದ್ದಷ್ಟರಲ್ಲೇ ಸಾಕೋ?

ಪ್ಯಾಡಿಂಗ್ಟನ್, ಗ್ಲೀಬ್, ನ್ಯೂಟೌನ್, ಸರ್ರಿ ಹಿಲ್ಸ್ ಕಡೆ ಹಳೇ ಟೆರೇಸ್ ಮನೆ, ಅಂದರೆ ಗೋಡೆಗೆ ಗೋಡೆ ಅಂಟಿದ ಸಾಲುಮನೆ, ಕೊಂಡವರು ನಕ್ಷೆ ಮಾಡಿಸಲು ಬಂದಾಗ ಮೊದಲು ಕೇಳುವುದು, "ಇನ್ನೂ ಎಷ್ಟು ಚದರ ಮೀಟರ್ ಕಟ್ಟಬಹುದು?" ಎಂದು. ಅದಕ್ಕೂ ಮುಂಚೆ ಕೇಳಬೇಕಾದ್ದು ಬೇರೆ ಇದೆ. ಹಿತ್ತಲು ಯಾವ ದಿಕ್ಕಿಗಿದೆ, ಅದರಲ್ಲಿ ಎಷ್ಟನ್ನು ಕಟ್ಟದೆ ಬಿಡುತ್ತೀರಿ? ಈ ಮನೆಗಳಲ್ಲಿ ಜಾಗಕ್ಕಿಂತ ದೊಡ್ಡ ಬರ ಬೆಳಕಿನದು. ತಪ್ಪು ಕಡೆ ಎಬ್ಬಿಸಿದ ಒಂದು ಹೊಸ ಕೋಣೆ, ಮೊದಲೇ ಇದ್ದ ಎರಡು ಕೋಣೆಗಳನ್ನು ಕತ್ತಲು ಮಾಡಿಬಿಡುತ್ತದೆ. ಆಮೇಲೆ ಹಗಲಲ್ಲೂ ಲೈಟು.

ಇಲ್ಲಿ ಬರೆದಿರುವುದು ಸಿಡ್ನಿಯ ಲೆಕ್ಕ. ಮೆಲ್ಬರ್ನ್‌ನ ಫಿಟ್ಜ್‌ರಾಯ್, ಕಾರ್ಲ್ಟನ್ ಕಡೆಯವರಿಗೆ ಗೋಡೆ, ಬಿಸಿಲಿನ ಮಾತು ಒಂದೇ, ಕಾನೂನಿನ ಮಾತು ಬೇರೆ.

ಮನೆಯ ಮೈಕಟ್ಟು

ಸಿಡ್ನಿಯ ಬಹುಪಾಲು ಸಾಲುಮನೆಗಳು 1870ರಿಂದ 1890ರ ದಶಕದ ಆರಂಭದವರೆಗಿನ ಭರಾಟೆಯಲ್ಲಿ ಎದ್ದವು. ಅಗಲ ನಾಲ್ಕೂವರೆ, ಐದು ಮೀಟರ್, ಎರಡೂ ಪಕ್ಕ ನೆರೆಯವರ ಜೊತೆ ಜಂಟಿ ಗೋಡೆ. ಬೀದಿ ಬಾಗಿಲಿನಿಂದ ಒಂದು ಕಿರಿದಾದ ಓಣಿ, ಅದರ ಪಕ್ಕಕ್ಕೆ ಒಂದರ ಹಿಂದೆ ಒಂದು ಎರಡು ಕೋಣೆ, ಎರಡಕ್ಕೂ ಬೆಂಕಿಗೂಡು, ಕಡಿದಾದ ಮರದ ಮೆಟ್ಟಿಲು. ಅದರ ಹಿಂದೆ ಇನ್ನೂ ಕಿರಿದಾದ ಬಾಲದಂಥ ಭಾಗದಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಜಾಗ. ಬಾಲದ ಪಕ್ಕದಲ್ಲಿ ಒಂದೂವರೆ ಮೀಟರ್‌ನಷ್ಟು ತೆರೆದ ಸಂದಿ. ಹಿತ್ತಲ ತುದಿಯಲ್ಲಿ ಪಾಯಖಾನೆ, ಅದರಾಚೆ ಅದನ್ನು ಬಳಿಯಲು ಬರುತ್ತಿದ್ದವರ ಗಲ್ಲಿ. ಇಂದು ಆ ಗಲ್ಲಿಯೇ ಮನೆಯ ಬೆಲೆ ಏರಿಸುತ್ತದೆ, ಕಾರು ಒಳಗೆ ಬರುತ್ತದಲ್ಲ!

ಆ ತೆರೆದ ಸಂದಿಯನ್ನು ಸುಮ್ಮನೆ ಬಿಟ್ಟ ಜಾಗ ಎಂದುಕೊಳ್ಳಬೇಡಿ. ಎರಡನೇ ಕೋಣೆಯ ಕಿಟಕಿ ತೆರೆಯುವುದು ಅಲ್ಲಿಗೇ. ಅದಕ್ಕೆ ಪ್ಲಾಸ್ಟಿಕ್ ಶೀಟು ಹೊದಿಸಿ ಒಳಗೆ ಸೇರಿಸಿಕೊಂಡ ಮನೆಗಳು ಬೇಕಾದಷ್ಟಿವೆ, ಅವುಗಳ ನಡುಕೋಣೆಗೆ ಕಾಲಿಟ್ಟರೆ ಹನ್ನೆರಡು ಗಂಟೆಗೂ ಮುಸ್ಸಂಜೆ.

ಕೊಳ್ಳುವ ಮುಂಚೆ ದಿ ರಾಕ್ಸ್‌ನಲ್ಲಿರುವ ಸುಸಾನಾ ಪ್ಲೇಸ್ ಒಮ್ಮೆ ನೋಡಿ ಬನ್ನಿ. 1844ರ ನಾಲ್ಕು ಸಾಲುಮನೆಗಳು, ಮ್ಯೂಸಿಯಂ ಆಗಿ ಉಳಿದಿವೆ. ಬಣ್ಣದ ಪದರ, ಗೋಡೆ ಕಾಗದದ ಪದರ, ಹಿತ್ತಲ ಒಗೆಯುವ ಜಾಗ ಎಲ್ಲ ಅಲ್ಲಿ ಕಣ್ಣಿಗೆ ಸಿಗುತ್ತವೆ. ನಿಮ್ಮ ಮನೆಯ ಯಾವ ಗೋಡೆ ಮೂಲದ್ದು, ಯಾವುದು ಆಮೇಲೆ ಬಂದದ್ದು ಎಂದು ಗುರುತಿಸುವ ಕಣ್ಣು ಬರುತ್ತದೆ.

ಬಿಸಿಲು ಬರುವುದು ಉತ್ತರದಿಂದ

ಊರಲ್ಲಿ ಬೆಳೆದ ನಮಗೆ ದಕ್ಷಿಣದ ಬಿಸಿಲು ರೂಢಿ, ಇಲ್ಲಿ ಅದು ತಿರುಗುಮುರುಗು. ಸಿಡ್ನಿ ಹೆಚ್ಚುಕಡಿಮೆ 34 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಜೂನ್ ಕೊನೆಯ ನಡುಮಧ್ಯಾಹ್ನ ಸೂರ್ಯ ಉತ್ತರಕ್ಕೆ, ಕೇವಲ 33 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರ್‌ನಲ್ಲಿ ಸುಮಾರು 80 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಹಾಗಾಗಿ 6 ಮೀಟರ್ ಎತ್ತರದ ಗೋಡೆಯ ನೆರಳು ಚಳಿಗಾಲದ ಮಧ್ಯಾಹ್ನ 9 ಮೀಟರ್ ದಾಟಿ ಬೀಳುತ್ತದೆ. 3 ಮೀಟರ್ ಗೋಡೆಯದು ನಾಲ್ಕೂಮುಕ್ಕಾಲು ಮೀಟರ್‌ಗೆ ಮುಗಿಯುತ್ತದೆ. ಒಂದಂತಸ್ತೋ ಎರಡಂತಸ್ತೋ ಎಂಬ ಜಗಳಕ್ಕೆ ಅರ್ಧ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ.

ಹಿತ್ತಲು ಉತ್ತರಕ್ಕಿದ್ದರೆ ನೀವು ಪುಣ್ಯವಂತರು. ಆದರೆ ಅಲ್ಲಿ ಎರಡಂತಸ್ತು ಎಬ್ಬಿಸಿದರೆ ನಿಮ್ಮ ಹಳೇ ಮನೆಯ ಬಿಸಿಲಿಗೆ ನೀವೇ ಅಡ್ಡ ನಿಂತಂತೆ. ಹಿತ್ತಲು ದಕ್ಷಿಣಕ್ಕಿದ್ದರೆ ಅದು ಹೇಗೂ ಮನೆಯ ನೆರಳಲ್ಲೇ ಇರುತ್ತದೆ. ಅಲ್ಲಿ ಹಿಂಬದಿಗೆ ದೊಡ್ಡ ಗಾಜಿನ ಬಾಗಿಲು ಇಟ್ಟು ಬಿಸಿಲು ಕಾಯುವುದರಲ್ಲಿ ಅರ್ಥವಿಲ್ಲ. ಹೊಸ ಭಾಗದ ಸೂರನ್ನು ಹಿಂದಕ್ಕೆ ಎತ್ತರಿಸಿ, ಹಳೇ ಮನೆಯ ಕಡೆಗೆ, ಅಂದರೆ ಉತ್ತರಕ್ಕೆ, ಮೇಲುಕಿಟಕಿ ಇಡಬೇಕು. ಪೂರ್ವ ಪಶ್ಚಿಮದ ಮನೆಗಳಲ್ಲಿ ಎಲ್ಲವೂ ಆ ಪಕ್ಕದ ಸಂದಿಯ ಮೇಲೆ ನಿಂತಿದೆ. ಅದು ಉತ್ತರದ ಬದಿಗಿದ್ದು ನೆರೆಮನೆಯ ಬಾಲ ಒಂದೇ ಅಂತಸ್ತಿನದಾದರೆ ಬಿಸಿಲು ಒಳಗೆ ಇಳಿಯುತ್ತದೆ.

ವಾಸ್ತು ನೋಡುವವರು ಈ ಹಂತದಲ್ಲಿ ತಕರಾರು ತೆಗೆಯುತ್ತಾರೆ. ಐದು ಮೀಟರ್ ಅಗಲದ ಮನೆಯಲ್ಲಿ ಒಲೆಗೆ ಆಗ್ನೇಯ ಮೂಲೆ ಸಿಕ್ಕರೆ ಸಂತೋಷ, ಸಿಗದಿದ್ದರೆ ಹೊಗೆ ಹೊರಹೋಗುವ ಗೋಡೆಯನ್ನೇ ನಂಬಿ ಎನ್ನುವ ಪಂಗಡ ನನ್ನದು.

ಮೊದಲು ತೇವ, ಆಮೇಲೆ ಮಿಕ್ಕಿದ್ದು

ಯಾವ ಆಯ್ಕೆ ಹಿಡಿದರೂ ಇದನ್ನು ದಾಟಿ ಹೋಗುವಂತಿಲ್ಲ. ಮುಂದಿನ ಕೋಣೆಯಲ್ಲಿ ಕೂತು ನೆಲದಿಂದ ಮೊಣಕಾಲೆತ್ತರದವರೆಗಿನ ಗೋಡೆಯನ್ನು ನೋಡಿ. ಬಣ್ಣ ಗುಳ್ಳೆ ಎದ್ದಿದೆಯೇ, ಬೆರಳಿಗೆ ಬಿಳಿ ಪುಡಿ ಹತ್ತುತ್ತದೆಯೇ? ಹೊರಗೆ ಬಂದು ಇಟ್ಟಿಗೆಯ ಸಂದಿಯನ್ನು ಕೀಲಿಕೈ ತುದಿಯಿಂದ ಮೆಲ್ಲಗೆ ಕೆರೆಯಿರಿ. ಮರಳು ಉದುರಿದರೆ ಅದು ಮೂಲದ ಸುಣ್ಣದ ಗಾರೆ, ಕೀಲಿ ಜಾರಿದರೆ ಯಾರೋ ಮೇಲೆ ಸಿಮೆಂಟ್ ಮೆತ್ತಿದ್ದಾರೆ.

ಈ ಗೋಡೆಗಳು ನೀರು ಕುಡಿದು ಉಗುಳುವಂಥವು. ಪಾಯದಿಂದ ಮೇಲೇರಿದ ತೇವ ಸುಣ್ಣದ ಸಂದಿಯಲ್ಲಿ ಆರಿಹೋಗಬೇಕು. ಸಿಮೆಂಟ್ ಗಿಲಾವು ಹಾಕಿದರೆ ಆರಲು ದಾರಿಯಿಲ್ಲದೆ ಅದು ಇನ್ನೂ ಮೇಲೇರುತ್ತದೆ, ಜೊತೆಗೆ ಉಪ್ಪನ್ನೂ ಒಯ್ದು ಇಟ್ಟಿಗೆಯ ಮೈಯನ್ನು ಪುಡಿ ಮಾಡುತ್ತದೆ. ಇನ್ನೊಂದು ಸಾಮಾನ್ಯ ಕಾರಣ ಹೊರಗಿನ ನೆಲ. ಹಿತ್ತಲಿಗೆ ಪದರದ ಮೇಲೆ ಪದರ ಕಲ್ಲು ಹಾಸಿ ಎತ್ತರಿಸಿ, ಮರದ ನೆಲದ ಕೆಳಗೆ ಗಾಳಿಯಾಡಲು ಬಿಟ್ಟಿದ್ದ ಜಾಲರಿಗಳನ್ನು ಮುಚ್ಚಿರುತ್ತಾರೆ. ಆಗ ಜಂತೆಗಳ ತುದಿ ಕೊಳೆಯುತ್ತದೆ, ಗೆದ್ದಲಿಗೂ ಹಬ್ಬ. ತೇವ ತಡೆಯಲು ಗೋಡೆಗೆ ರಾಸಾಯನಿಕ ಚುಚ್ಚುವವರನ್ನು ಕರೆಯುವ ಮುಂಚೆ ಆ ನೆಲ ಇಳಿಸಿ, ಜಾಲರಿ ತೆರೆಯಿರಿ, ಸೋರುವ ಕೊಳವೆ ಸರಿಮಾಡಿಸಿ, ಸಿಮೆಂಟ್ ಕೀಳಿಸಿ. ಎಷ್ಟೋ ಗೋಡೆಗಳಿಗೆ ಅಷ್ಟೇ ಸಾಕಾಗುತ್ತದೆ. ಆರಲು ತಿಂಗಳುಗಟ್ಟಲೆ ಬೇಕು, ಬಣ್ಣ ಬಳಿಯಲು ಅವಸರ ಬೇಡ.

ಹಾಗೆಯೇ ಸೀಸದ ಬಣ್ಣ ಮತ್ತು ಕಲ್ನಾರು (ಆಸ್ಬೆಸ್ಟಾಸ್). 1970ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದ್ದೇ ಇದೆ ಎಂದುಕೊಂಡೇ ಕೆಲಸ ಮಾಡಿಸಿ, ಒದ್ದೆ ಮಾಡದೆ ಉಜ್ಜಿಸಬೇಡಿ. ಕಲ್ನಾರಿಗೆ ಆಸ್ಟ್ರೇಲಿಯಾದಲ್ಲಿ ಪೂರ್ತಿ ನಿಷೇಧ ಬಂದದ್ದು 2003ರ ಕೊನೆಗೆ. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಮುಚ್ಚಿದ ಬಾಲ್ಕನಿ, ಹಿಂಬದಿಗೆ ಅಂಟಿಸಿದ ಶೆಡ್ಡು, ಹಳೇ ಬಚ್ಚಲ ಗೋಡೆಯ ಫೈಬ್ರೋ ಶೀಟುಗಳಲ್ಲಿ ಅದು ಸಾಮಾನ್ಯ. ಪರೀಕ್ಷೆ ಮಾಡಿಸದೆ ಒಂದು ಮೊಳೆಯನ್ನೂ ಹೊಡೆಸಬೇಡಿ.

ಈಗ ಆಯ್ಕೆಗಳು

ಇದ್ದಷ್ಟರಲ್ಲೇ ಹೊಂದಿಸಿಕೊಳ್ಳುವುದು ಎಲ್ಲರೂ ಮೊದಲು ತಳ್ಳಿಹಾಕುವ ದಾರಿ, ನಾನು ಮೊದಲು ನೋಡುವ ದಾರಿ. ಹಿಂಬದಿಗೆ ನಂತರ ಅಂಟಿಸಿದ ಶೆಡ್ಡುಗಳನ್ನು ಕೆಡವಿ, ಸಂದಿಯನ್ನು ತೆರೆದು, ಬಾಲದಲ್ಲಿರುವ ಅಡುಗೆಮನೆಯ ಗೋಡೆಗೆ ದೊಡ್ಡ ಬಾಗಿಲಿಟ್ಟರೆ, ಚದರ ಮೀಟರ್ ಕಡಿಮೆಯಾಗಿಯೂ ಮನೆ ದೊಡ್ಡದಾಗಿ ಕಾಣುತ್ತದೆ. ಇಬ್ಬರೇ ಇರುವವರಿಗೆ, ಒಂದು ಮಗು ಇರುವವರಿಗೆ ಇದು ಧಾರಾಳ. ಉಳಿದ ದುಡ್ಡನ್ನು ಸೂರು, ತೇವ, ವೈರಿಂಗ್‌ಗೆ ಹಾಕಬಹುದು.

ಹಿಂದಕ್ಕೆ ಒಂದಂತಸ್ತು ಸೇರಿಸುವುದು ಅತಿ ಹೆಚ್ಚು ಜನ ಮಾಡುವ ಕೆಲಸ. ಹಿತ್ತಲಿನ ಪೂರ್ತಿ ಅಗಲಕ್ಕೆ ಅಡುಗೆ, ಊಟ, ಕೂರುವ ಜಾಗ ಎಲ್ಲ ಒಂದೇ ಹಜಾರ. ನೋಡಲು ಸೊಗಸು. ತೊಂದರೆ ಶುರುವಾಗುವುದು ನಡುವೆ. ಹಳೇ ಹಿಂಗೋಡೆಯ ಕಿಟಕಿ ಹೊಸ ಸೂರಿನ ಕೆಳಗೆ ಸೇರಿಹೋಗಿ, ಎರಡನೇ ಕೋಣೆ ಓಡಾಡುವ ದಾರಿಯಾಗುತ್ತದೆ. ಸ್ಕೈಲೈಟ್ ಇಟ್ಟರಾಯಿತು ಎನ್ನುತ್ತಾರೆ. ಬೆಳಕು ಬಂದೀತು, ಗಾಳಿ ಬಾರದು, ಬೇಸಿಗೆಯಲ್ಲಿ ಸೆಕೆ ಮಾತ್ರ ಉಚಿತ. ಇದನ್ನೇ ಮಾಡುವುದಿದ್ದರೆ ಪಕ್ಕದ ಸಂದಿಯನ್ನು ಕನಿಷ್ಠ ಎರಡನೇ ಕೋಣೆಯ ಕಿಟಕಿಯಷ್ಟು ಉದ್ದಕ್ಕಾದರೂ ಆಕಾಶಕ್ಕೆ ತೆರೆದಿಡಿ. ಇನ್ನೊಂದು, ಹಳೇ ಗೋಡೆಗೂ ಹೊಸ ಸೂರಿಗೂ ನಡುವೆ ಬರುವ ತಗಡಿನ ದಂಬೆ. ಬಾಕ್ಸ್ ಗಟರ್ ಎನ್ನುವ ಈ ದಂಬೆಯೇ ಇಂಥ ಮನೆಗಳಲ್ಲಿ ಸೋರುವ ಮೊದಲ ಜಾಗ. ಅದು ಅಗಲವಾಗಿರಬೇಕು, ವಾಟ ಇರಬೇಕು, ಎಲೆ ಕಟ್ಟಿಕೊಂಡು ತುಂಬಿದರೂ ನೀರು ಒಳಗೆ ಇಳಿಯದೆ ಹೊರಗೆ ಚೆಲ್ಲುವ ಬಾಯಿ ಇರಬೇಕು. ನಕ್ಷೆಯಲ್ಲಿ ಆ ಬಾಯಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ.

ನನ್ನ ಒಲವು ಮೂರನೆಯದಕ್ಕೆ. ಹಳೇ ಮನೆ ಮುಂದೆ, ಹೊಸ ಭಾಗ ಹಿಂದೆ, ನಡುವೆ ಒಂದು ಅಂಗಳ, ಎರಡನ್ನೂ ಜೋಡಿಸಲು ಒಂದು ಪಕ್ಕಕ್ಕೆ ತಗ್ಗಾದ ಗಾಜಿನ ಓಣಿ. ತೊಟ್ಟಿಮನೆಯಲ್ಲಿ ಆಡಿ ಬೆಳೆದವರಿಗೆ ಇದರ ಗುಣ ವಿವರಿಸಬೇಕಿಲ್ಲ. ಎರಡನೇ ಕೋಣೆಯ ಕಿಟಕಿ ಉಳಿಯುತ್ತದೆ, ಹೊಸ ಹಜಾರಕ್ಕೆ ಎರಡು ಕಡೆಯಿಂದ ಗಾಳಿ, ಹಳೇ ಗೋಡೆಗೆ ಹೊಸ ಸೂರಿನ ಭಾರವಿಲ್ಲ, ದಂಬೆಯ ಕಾಟವೂ ಕಡಿಮೆ. ನಕ್ಷೆಗೆ ಒಪ್ಪಿಗೆ ಕೊಡುವ ಸ್ಥಳೀಯ ಕೌನ್ಸಿಲ್‌ಗೂ ಇದು ಹಿಡಿಸುತ್ತದೆ, ಏಕೆಂದರೆ ಹಳೆಯದು ಯಾವುದು ಹೊಸದು ಯಾವುದು ಎಂದು ನೋಡಿದರೇ ತಿಳಿಯುತ್ತದೆ. 1979ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಬರ್ರಾ ಎಂಬ ಊರಿನಲ್ಲಿ ಒಪ್ಪಿದ ಬರ್ರಾ ಚಾರ್ಟರ್, ಇಲ್ಲಿನ ಪರಂಪರೆ ಸಂರಕ್ಷಣೆಗೆಲ್ಲ ತಳಹದಿ. ಅದರ ತಿರುಳು: ಬೇಕಾದಷ್ಟನ್ನು ಮಾಡಿ, ಅದಕ್ಕಿಂತ ಹೆಚ್ಚು ಮುಟ್ಟಬೇಡಿ, ಹೊಸದು ಹಳೆಯದರ ವೇಷ ಹಾಕಬಾರದು.

ಖರ್ಚಿನ ಮಾತು ಮುಚ್ಚಿಡುವುದಿಲ್ಲ. ಅಷ್ಟೇ ಜಾಗಕ್ಕೆ ಇಲ್ಲಿ ಹೊರಗೋಡೆ ಹೆಚ್ಚು, ಗಾಜು ಹೆಚ್ಚು. ಚದರ ಮೀಟರ್ ಲೆಕ್ಕದಲ್ಲಿ ಒಂದೇ ಮುದ್ದೆಯಾಗಿ ಕಟ್ಟುವುದಕ್ಕಿಂತ ದುಬಾರಿಯೇ. ಅಲ್ಲದೆ ಹಿತ್ತಲು ಹತ್ತು ಮೀಟರ್‌ಗಿಂತ ಗಿಡ್ಡವಿದ್ದರೆ ಅಂಗಳ ಬಾವಿಯಾಗುತ್ತದೆ. ದಕ್ಷಿಣದ ಹಿತ್ತಲಲ್ಲಿ ಚಳಿಗಾಲಕ್ಕೆ ಅಂಗಳಕ್ಕೆ ನೇರ ಬಿಸಿಲು ಬೀಳುವುದಿಲ್ಲ, ಆಕಾಶದ ಬೆಳಕಷ್ಟೇ. ಆದರೂ ಅದರಾಚೆಯ ಹೊಸ ಸೂರಿನ ಮೇಲುಕಿಟಕಿ, ಹಳೇ ಮನೆಯ ನೆರಳು ದಾಟುವಷ್ಟು ಎತ್ತರ ಮತ್ತು ದೂರದಲ್ಲಿದ್ದರೆ ಬಿಸಿಲು ಹಿಡಿಯುತ್ತದೆ. ನೆರಳಿನ ನಕ್ಷೆಯನ್ನು ಜೂನ್ 21ಕ್ಕೆ ಹಾಕಿಸಿ ನೋಡದೆ ಸಹಿ ಹಾಕಬೇಡಿ.

ಹಿಂದೆ ಎರಡಂತಸ್ತು ಎಬ್ಬಿಸುವುದು ಮಕ್ಕಳು ಇಬ್ಬರು ಮೂವರಿದ್ದವರಿಗೆ ಕೆಲವೊಮ್ಮೆ ಅನಿವಾರ್ಯ. ನೆರೆಯವರ ಆಕ್ಷೇಪಣೆ ಹೆಚ್ಚು ಬರುವುದು ಇದಕ್ಕೇ: ಅವರ ಬಿಸಿಲು, ಅವರ ಹಿತ್ತಲು ಕಾಣುವ ನಿಮ್ಮ ಕಿಟಕಿ. ಗಡಿಯಿಂದ 900 ಮಿಲಿಮೀಟರ್ ಒಳಗಿನ ಹೊರಗೋಡೆ ಬೆಂಕಿ ತಡೆಯುವಂತಿರಬೇಕು ಎಂಬ ನಿಯಮವೂ ಇರುವುದರಿಂದ ಪಕ್ಕಕ್ಕೆ ಕಿಟಕಿ ಇಡುವ ಆಸೆ ಬಹುತೇಕ ಬಿಡಬೇಕು. ಮೇಲಂತಸ್ತನ್ನು ಮೂಲದ ಬಾಲದಷ್ಟೇ ಅಗಲಕ್ಕೆ ಇರಿಸಿ, ಕೆಳಗಿನದನ್ನು ಮಾತ್ರ ಮುಂದೆ ಚಾಚುವುದು ನಡುವಿನ ದಾರಿ.

ಅಟ್ಟವನ್ನು ಕೋಣೆ ಮಾಡುವುದು ಕೇಳಲು ಅಗ್ಗ. ಅಟ್ಟದ ಕೋಣೆಗೆ ಕನಿಷ್ಠ ಮೂರನೇ ಎರಡರಷ್ಟು ನೆಲದ ಮೇಲೆ 2.2 ಮೀಟರ್ ಎತ್ತರ ಸಿಗಬೇಕು ಎನ್ನುತ್ತದೆ ಕಟ್ಟಡ ಸಂಹಿತೆ. ಎಷ್ಟೋ ಮನೆಗಳ ಸೂರಿಗೆ ಅಷ್ಟು ಎತ್ತರವಿಲ್ಲ. ಹತ್ತುವ ಮೆಟ್ಟಿಲು ಕೆಳಗಿನ ಮಲಗುವ ಕೋಣೆಯ ಒಂದು ಪಾಲು ತಿನ್ನುತ್ತದೆ. ಬೀದಿ ಕಡೆಯ ಸೂರಿಗೆ ಕಿಟಕಿ ಎತ್ತಲು ಕೌನ್ಸಿಲ್ ಒಪ್ಪುವುದು ಅಪರೂಪ, ಹಿಂಬದಿಗೆ ಮಾತ್ರ ಕೇಳಿ ನೋಡಬಹುದು. ಓದುವ ಮೂಲೆಗೆ ಸರಿ, ಫೆಬ್ರವರಿಯ ಸೆಕೆಯಲ್ಲಿ ಮಲಗಲು ಕಷ್ಟ.

ನೆಲಮಾಳಿಗೆ ಅಗೆಯುವುದಂತೂ ಬೇಡವೇ ಬೇಡ. ಜಂಟಿ ಗೋಡೆಯ ಪಾಯ, ಮರಳುಗಲ್ಲು, ನೀರು, ನೆರೆಯವರ ಗೋಡೆಯ ಬಿರುಕು. ಪ್ಯಾಡಿಂಗ್ಟನ್‌ನ ಇಳಿಜಾರಿನ ಬೀದಿಗಳಲ್ಲಿ ಹಿಂಬದಿಗೆ ತಾನಾಗಿಯೇ ಒಂದು ಕೆಳಅಂತಸ್ತು ಇದ್ದರೆ ಅದು ಬೇರೆ ಮಾತು.

ಹಿಂದೆ ಗಲ್ಲಿಯಿದ್ದು ಕಾರ್‌ಶೆಡ್ಡಿನ ಮೇಲೆ ಒಂದು ಕೋಣೆ ಕಟ್ಟುವ ಅವಕಾಶವಿದ್ದರೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಆಫೀಸಿಲ್ಲ. ಹಳೇ ಮನೆಯನ್ನು ಮುಟ್ಟಬೇಕಾಗಿಯೇ ಇಲ್ಲ.

ಒಗ್ಗರಣೆ, ಅಪ್ಪ ಅಮ್ಮ, ದೇವರು

ಇಲ್ಲಿನ ಪತ್ರಿಕೆಗಳಲ್ಲಿ ಬರುವ ಚಂದದ ನಕ್ಷೆಗಳು ನಮ್ಮ ಅಡುಗೆಗೆ ಬರೆದವಲ್ಲ. ಒಂದೇ ಹಜಾರದಲ್ಲಿ ಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಸೋಫಾದವರೆಗೂ ಕೆಮ್ಮು. ಇದ್ದಿಲು ಫಿಲ್ಟರಿನಲ್ಲಿ ಸುತ್ತಿಸಿ ಅದೇ ಗಾಳಿಯನ್ನು ವಾಪಸ್ ಬಿಡುವ ಹುಡ್ ನಮಗೆ ಉಪಯೋಗವಿಲ್ಲ. ಸಂಹಿತೆ ಕೇಳುವ ಕನಿಷ್ಠ ಸೆಕೆಂಡಿಗೆ 40 ಲೀಟರ್, ನಮಗೆ ಅದರ ಹಲವು ಪಟ್ಟು ಬೇಕು, ಕೊಳವೆ ಗಿಡ್ಡವಾಗಿ ನೇರವಾಗಿ ಹೊರಹೋಗಬೇಕು. ಅದಕ್ಕೇ ಒಲೆಯನ್ನು ನಡುವಿನ ಕಟ್ಟೆಯ ಮೇಲಿಡದೆ ಹಿಂಗೋಡೆಗೋ ಅಂಗಳದ ಗೋಡೆಗೋ ಇಡಿ. ಸಾಧ್ಯವಾದರೆ ಎಳೆದು ಮುಚ್ಚುವ ಗಾಜಿನ ಬಾಗಿಲೊಂದಿರಲಿ.

ಊರಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುವ ಮನೆಯಾದರೆ ಕೆಳಗೊಂದು ಮಲಗುವ ಕೋಣೆ, ಕೆಳಗೊಂದು ಬಚ್ಚಲು ಬೇಕೇಬೇಕು. ಹಳೇ ಮೆಟ್ಟಿಲು ಎಷ್ಟು ಕಡಿದಾಗಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಬೀದಿ ಕಡೆಯ ಮುಂದಿನ ಕೋಣೆಯನ್ನು ಅವರಿಗೆ ಬಿಟ್ಟು, ಮೆಟ್ಟಿಲಿನ ಹಿಂದೆ, ಹಳೆಯದೂ ಹೊಸದೂ ಸೇರುವ ಕಡೆ ಬಚ್ಚಲು ಇಟ್ಟರೆ ರಾತ್ರಿ ಎದ್ದು ಅಡುಗೆಮನೆ ದಾಟಿ ಹೋಗಬೇಕಿಲ್ಲ. ಅಮ್ಮನಿಗೆ ಮುಂಬಾಗಿಲ ಜಗುಲಿಯಲ್ಲಿ ಕೂತು ಬೀದಿ ನೋಡುವುದೂ ಆಯಿತು. ದೇವರಿಗೆ, ಬೆಂಕಿಗೂಡಿನ ಎರಡು ಪಕ್ಕ ಗೋಡೆ ಒಳಸರಿದು ಗೂಡಿನಂತಾಗಿರುತ್ತದಲ್ಲ, ಅಲ್ಲಿಗಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಹೊಗೆ ಅಲಾರಂ ಮಾತ್ರ ನೇರ ಮೇಲೆ ಬಾರದ ಹಾಗೆ ನೋಡಿಕೊಳ್ಳಿ, ಕರ್ಪೂರ ಹಚ್ಚಿದಾಗಲೆಲ್ಲ ಬೀದಿಗೇ ಮಂಗಳಾರತಿ.

ಯಾರ ಕೈಗೆ ಏನು

ಮಾರಾಟದ ಕಾಗದಗಳ ಜೊತೆ 10.7 ಸರ್ಟಿಫಿಕೇಟ್ ಎಂಬ ಕೌನ್ಸಿಲ್‌ನ ಯೋಜನಾ ಪ್ರಮಾಣಪತ್ರ ಬರುತ್ತದೆ. ಮನೆ ತಾನೇ ಪರಂಪರೆಯ ಪಟ್ಟಿಯಲ್ಲಿದೆಯೋ, ಬರೀ ಸಂರಕ್ಷಣಾ ಪ್ರದೇಶದ ಒಳಗಿದೆಯೋ ಅದರಲ್ಲಿ ನೋಡಿ. ತಾನೇ ಪಟ್ಟಿಯಲ್ಲಿದ್ದರೆ ಮೆಟ್ಟಿಲು, ಬೆಂಕಿಗೂಡು, ಒಳಗಿನ ಗಾರೆ ಅಲಂಕಾರಕ್ಕೂ ಲೆಕ್ಕ ಕೊಡಬೇಕು. ಸಂರಕ್ಷಣಾ ಪ್ರದೇಶದಲ್ಲಿ ಖಾಸಗಿ ಸರ್ಟಿಫೈಯರ್‌ನಿಂದ ಬೇಗ ಒಪ್ಪಿಗೆ ಪಡೆಯುವ ದಾರಿ ವಿಸ್ತರಣೆಗೆ ಬಹುತೇಕ ಮುಚ್ಚಿದೆ. ಕೌನ್ಸಿಲ್‌ಗೇ ಅರ್ಜಿ, ಜೊತೆಗೆ ಪರಂಪರೆಯ ಮೇಲಿನ ಪರಿಣಾಮದ ವರದಿ. 50,000 ಡಾಲರ್ ಮತ್ತು ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ನೀರು, ವಿದ್ಯುತ್ ಉಳಿತಾಯದ ಬೇಸಿಕ್ಸ್ ಸರ್ಟಿಫಿಕೇಟೂ ಬೇಕು. ಪ್ಯಾಡಿಂಗ್ಟನ್‌ನಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟ್‌ನ ಉತ್ತರಕ್ಕೆ ವುಲ್ಲಾರಾ ಕೌನ್ಸಿಲ್, ದಕ್ಷಿಣಕ್ಕೆ ಸಿಟಿ ಆಫ್ ಸಿಡ್ನಿ. ರಸ್ತೆ ದಾಟಿದರೆ ನಿಯಮದ ಪುಸ್ತಕ ಬೇರೆ, ಆದ್ದರಿಂದ ಆಚೆ ಬದಿಯ ಗೆಳೆಯನಿಗೆ ಸಿಕ್ಕ ಒಪ್ಪಿಗೆಯನ್ನು ನೆಚ್ಚಿಕೊಳ್ಳಬೇಡಿ.

ಬೀದಿಮುಖವನ್ನು ಸರಿಪಡಿಸಿ ಕೊಡುತ್ತೇನೆ ಎಂದರೆ ಹಿಂಬದಿಯ ಮಾತುಕತೆ ಸುಲಭವಾಗುತ್ತದೆ. ಮುಚ್ಚಿದ ಬಾಲ್ಕನಿ ತೆರೆಯುವುದು, ಅದರ ಅಂಚಿನ ಅಲಂಕಾರದ ಕಬ್ಬಿಣದ ಜಾಲರಿಯನ್ನು ಮರಳಿ ಕೂರಿಸುವುದು. ಇರುವ ಜಾಲರಿ ಮೂಲದ್ದೇ ಎಂದು ನೋಡಲು ಫ್ರಿಜ್ಜಿನ ಅಯಸ್ಕಾಂತ ಸಾಕು. ಅಂಟಿದರೆ ಎರಕದ ಕಬ್ಬಿಣ, ಅಂಟದಿದ್ದರೆ ಇತ್ತೀಚಿನ ಅಲ್ಯೂಮಿನಿಯಂ.

ಕಂಟ್ರಾಕ್ಟರ್ ಕೇಳುವ ಮುಂಗಡ ನ್ಯೂ ಸೌತ್ ವೇಲ್ಸ್‌ನಲ್ಲಿ ಹತ್ತು ಶೇಕಡಾ ದಾಟುವಂತಿಲ್ಲ, 20,000 ಡಾಲರ್ ಮೀರಿದ ಕೆಲಸಕ್ಕೆ ಮನೆ ಕಟ್ಟಡದ ವಿಮೆ ಕಡ್ಡಾಯ. ವಿಮೆಯ ಕಾಗದ ಕೈಗೆ ಬಾರದೆ ದುಡ್ಡು ಕೊಡಬೇಡಿ. ಕೆಲಸ ಶುರುವಾಗುವ ಮುಂಚೆ ಎರಡೂ ಪಕ್ಕದ ಮನೆಗಳ ಗೋಡೆ, ಸೂರಿನ ಸ್ಥಿತಿಯನ್ನು ಫೋಟೋ ಸಮೇತ ದಾಖಲಿಸಿ, ಒಂದೊಂದು ಪ್ರತಿ ಅವರಿಗೂ ಕೊಡಿ. ಐದು ಮೀಟರ್ ಅಗಲದ ಮನೆಗೆ ಸಾರುವೆ ಕಟ್ಟಲು ಅವರ ಹಿತ್ತಲು ಬೇಕಾಗುತ್ತದೆ. ಅವರು ಒಪ್ಪದಿದ್ದರೆ 2000ನೇ ಇಸವಿಯ ಕಾಯ್ದೆಯೊಂದರಡಿ ಕೋರ್ಟಿನಿಂದ ಅನುಮತಿ ತರಬಹುದು, ಆದರೆ ಗೋಡೆ ಹಂಚಿಕೊಂಡವರ ಜೊತೆ ಕೋರ್ಟಿಗೆ ಹೋಗುವುದಕ್ಕಿಂತ ನಕ್ಷೆ ಕೌನ್ಸಿಲ್‌ಗೆ ಕೊಡುವ ಒಂದು ವಾರ ಮೊದಲೇ ಅವರ ಮನೆಗೆ ಹೋಗಿ ಮೇಜಿನ ಮೇಲೆ ಹರಡಿ ತೋರಿಸಿ.